ಎಂ.ಜಿ. ರಸ್ತೆಯಲ್ಲಿ ನಲವತ್ತು ಮಹಡಿ ಎದ್ದರೆ ಕೂರುವವರು ಯಾರು?

ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಬೀದಿಯ ಹಿರಿಯರೊಬ್ಬರಿದ್ದಾರೆ. ಬೆಳಗಿನ ಪೇಪರ್ ಮಡಚಿಟ್ಟು ಆಗಾಗ ಒಂದೇ ಪ್ರಶ್ನೆ ಕೇಳುತ್ತಾರೆ: “ಅಲ್ಲಯ್ಯ, ಊರ ತುಂಬ ಆಫೀಸು ಕಟ್ತಾನೇ ಇದಾರಲ್ಲ, ಕೂರೋರು ಯಾರು? ಅರ್ಧ ಜನ ಮನೇಲೇ ಕೂತು ಕೆಲಸ ಮಾಡ್ತಾರೆ. ಇನ್ನರ್ಧ ಜನರ ಕೆಲಸ ಕಂಪ್ಯೂಟರೇ ಮಾಡುತ್ತಂತೆ.”

ಕೇಳಿದಾಗೆಲ್ಲ ಒಂದೊಂದು ತುಂಡು ಉತ್ತರ ಕೊಟ್ಟಿದ್ದೇನೆ. ಪೂರ್ತಿ ಉತ್ತರಕ್ಕೆ ಒಂದು ಕಾಫಿ ಸಾಲದು. ಯಾಕೆಂದರೆ ಅವರ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಬೆಂಗಳೂರಿಗೆ ಇನ್ನೂ ಎಷ್ಟು ಆಫೀಸು ಬೇಕು ಅನ್ನುವುದು ಒಂದು. ಅದರಲ್ಲಿ ಎಷ್ಟು ಊರ ನಡುವೆ, ಗೋಪುರದ ಹಾಗೆ ಮೇಲಕ್ಕೆ ಎದ್ದು ನಿಲ್ಲಬೇಕು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ‘ತುಂಬಾ’ ಎಂಬ ಉತ್ತರ ಬಂದ ಮಾತ್ರಕ್ಕೆ ಎರಡನೆಯದಕ್ಕೂ ಅದೇ ಉತ್ತರ ಬರಬೇಕಾಗಿಲ್ಲ. ಪ್ರತಿ ಸಲ ಹೊಸ ಟವರಿನ ಚಿತ್ರ ಪೇಪರಿನಲ್ಲಿ ಬಂದಾಗ ನಾವು ಇವೆರಡನ್ನೂ ಕಲಸಿಬಿಡುತ್ತೇವೆ.

ಎರಡನೆಯದರಿಂದಲೇ ಶುರು ಮಾಡೋಣ, ಅದು ಕಣ್ಣಿಗೆ ಕಾಣುವಂಥದ್ದು. ಎಂ.ಜಿ. ರಸ್ತೆಯ ಯುಟಿಲಿಟಿ ಬಿಲ್ಡಿಂಗ್ ಎದ್ದದ್ದು 1973ರಲ್ಲಿ. ಇಪ್ಪತ್ತೈದು ಮಹಡಿ, ನೂರು ಮೀಟರಿಗೂ ಮಿಕ್ಕ ಎತ್ತರ, ಪಾಲಿಕೆಯ ಆಸ್ತಿ. ಊರಿನಿಂದ ನೆಂಟರು ಬಂದರೆ ಲಾಲ್‌ಬಾಗು, ವಿಧಾನಸೌಧ ತೋರಿಸಿದ ಮೇಲೆ ಇದನ್ನೂ ತೋರಿಸುತ್ತಿದ್ದ ಕಾಲವಿತ್ತು. ಐವತ್ತು ವರ್ಷ ದಾಟಿದೆ. ಈ ನಡುವೆ ಬೆಂಗಳೂರು ದೇಶದಲ್ಲೇ ಅತಿ ಹೆಚ್ಚು ಆಫೀಸು ಜಾಗ ಇರುವ ಊರಾಯಿತು, 20 ಕೋಟಿ ಚದರ ಅಡಿ ದಾಟಿತು. ಆದರೂ ಎಂ.ಜಿ. ರಸ್ತೆಯಲ್ಲಿ ನಿಂತು ಸುತ್ತ ನೋಡಿದರೆ ಈಗಲೂ ಎದ್ದು ಕಾಣುವ ಕಟ್ಟಡಗಳಲ್ಲಿ ಆ ಹಳೆಯ ಗೋಪುರವೂ ಒಂದು. ಅಷ್ಟೊಂದು ಆಫೀಸು ಬಂತಲ್ಲ, ಊರ ನಡುವೆ ಬರದೆ ಎಲ್ಲಿ ಹೋಯಿತು?

ಹೊರಗೆ ಹೋಯಿತು. ಯಾಕೆ ಹೋಯಿತು ಎಂದು ತಿಳಿಯಲು ‘ಊರ ನಡು’ ಯಾವುದು ಎಂದು ಕೇಳಿಕೊಳ್ಳಬೇಕು. ಬೆಂಗಳೂರಿಗೆ ಒಂದು ನಡು ಇದ್ದದ್ದೇ ಇಲ್ಲ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಒಂದು, ಬ್ರಿಟಿಷರು 1809ರಲ್ಲಿ ಶುರು ಮಾಡಿದ ದಂಡು ಇನ್ನೊಂದು. ಎರಡಕ್ಕೂ ಬೇರೆ ಬೇರೆ ಆಡಳಿತ. ಒಂದೇ ಪಾಲಿಕೆಯಾಗಿ ಕೂಡಿಕೊಂಡದ್ದು 1949ರಲ್ಲಿ. ಇವತ್ತು ಪತ್ರಿಕೆಗಳು ‘ಸಿಬಿಡಿ’ (ಊರ ನಡುವಿನ ವ್ಯವಹಾರದ ಕೇಂದ್ರ) ಎಂದು ಬರೆಯುವ ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ, ರಿಚ್ಮಂಡ್ ರಸ್ತೆಗಳೆಲ್ಲ ದಂಡಿನ ಕಡೆಯವು. ಅಂದರೆ ಆಫೀಸು ಕಟ್ಟಲೆಂದು ಅಳೆದು ಹಾಕಿದ ಜಾಗವಲ್ಲ ಅದು. ಪರೇಡು, ಬಂಗಲೆ, ಚರ್ಚು, ಕ್ಲಬ್ಬು, ಸೈನ್ಯದ ಮೈದಾನ ಇವುಗಳ ನಡುವೆ ಉಳಿದ ಜಾಗ.

ಅಮೆರಿಕದ ಚಿಪ್ ಕಂಪನಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂದಾಗ ಕೂತದ್ದು ಊರೊಳಗೇ, ಮಿಲ್ಲರ್ಸ್ ರಸ್ತೆಯಲ್ಲಿ. ಉಪಗ್ರಹ ಸಂಪರ್ಕದ ಡಿಶ್ಶನ್ನು ಎತ್ತಿನ ಗಾಡಿಯಲ್ಲಿ ತಂದರು ಅನ್ನುವ ಕತೆ ಐಟಿಯವರಿಗೆಲ್ಲ ಬಾಯಿಪಾಠ. ಆಗ ಊರೊಳಗೆ ಒಂದೆರಡು ಮಹಡಿ ಸಿಕ್ಕರೆ ಸಾಕಾಗುತ್ತಿತ್ತು. ಮುಂದೆ ಒಂದೇ ಕಂಪನಿಗೆ ಹತ್ತು ಸಾವಿರ ಜನ ಬೇಕಾದಾಗ ದಂಡಿನ ಬಂಗಲೆಯ ಸೈಟುಗಳಲ್ಲಿ ಅವರನ್ನು ಕೂರಿಸುವುದು ಆಗದ ಮಾತು. ಎಲೆಕ್ಟ್ರಾನಿಕ್ಸ್ ಸಿಟಿ, ವೈಟ್‌ಫೀಲ್ಡಿನ ಐಟಿಪಿಎಲ್, ಆಮೇಲೆ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಹೊರವರ್ತುಲ ರಸ್ತೆ, ನಾಗವಾರದ ಮಾನ್ಯತಾ: ಹೀಗೆ ಒಂದೊಂದು ಅಲೆಯೂ ಕೆರೆಯಂಗಳ, ರಾಗಿ ಹೊಲಗಳ ಕಡೆಗೇ ಸಾಗಿತು. ಅಲ್ಲಿ ಎಕರೆಗಟ್ಟಲೆ ಜಾಗ ಒಂದೇ ಕಡೆ ಸಿಗುತ್ತಿತ್ತು, ಅಗ್ಗವೂ ಆಗಿತ್ತು. ರಸ್ತೆ, ನೀರು, ಚರಂಡಿಯ ಚಿಂತೆಯನ್ನು ಆಮೇಲೆ ಮಾಡೋಣ ಎಂದು ಬಿಟ್ಟರು. ಆ ‘ಆಮೇಲೆ’ 2022ರ ಮಳೆಯಲ್ಲಿ ಬಂತು. ಐದಾರು ಗಂಟೆ ರಸ್ತೆಯಲ್ಲಿ ಸಿಕ್ಕಿಕೊಂಡದ್ದರಿಂದ ಒಂದೇ ದಿನಕ್ಕೆ 225 ಕೋಟಿ ರೂಪಾಯಿ ನಷ್ಟವಾಯಿತೆಂದು ಹೊರವರ್ತುಲ ರಸ್ತೆಯ ಕಂಪನಿಗಳ ಸಂಘ ಮುಖ್ಯಮಂತ್ರಿಗೆ ಪತ್ರ ಬರೆಯಿತು.

ಹಾಗಿದ್ದರೆ ಊರೊಳಗೇ ಎತ್ತರಕ್ಕೆ ಕಟ್ಟಬಹುದಿತ್ತಲ್ಲ? ಇಲ್ಲಿ ಎಫ್‌ಎಆರ್ ಎಂಬ ಒಂದು ಲೆಕ್ಕ ಗೊತ್ತಿರಬೇಕು. ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂದು ಹೇಳುವ ಸಂಖ್ಯೆ ಅದು. ಸೈಟು ಎಷ್ಟು ದೊಡ್ಡದು, ಮುಂದಿನ ರಸ್ತೆ ಎಷ್ಟು ಅಗಲ ಎಂಬುದರ ಮೇಲೆ ನಿಂತಿದೆ. ಊರೊಳಗಿನ ಒಂದು ಅಗಲವಾದ ರಸ್ತೆಯಲ್ಲಿ ಒಂದು ಎಕರೆ ಇದೆ, ಎಫ್‌ಎಆರ್ 3 ಸಿಕ್ಕಿತು ಎಂದುಕೊಳ್ಳಿ. ಎಕರೆಗೆ 43,560 ಚದರ ಅಡಿ. ಮೂರು ಪಟ್ಟು ಎಂದರೆ ಸುಮಾರು 1,30,000. ಕಟ್ಟಲು ನಿಮಗೆ ಸಿಗುವುದು ಅಷ್ಟೇ. ಅದನ್ನು ಅರ್ಧ ಸೈಟಿನಲ್ಲಿ ಹರಡಿದರೆ ಆರು ಮಹಡಿ. ಇಲ್ಲ, ನನಗೆ ಇಪ್ಪತ್ತು ಮಹಡಿಯ ಗೋಪುರವೇ ಬೇಕು ಎಂದರೆ ಒಂದೊಂದು ಮಹಡಿಗೆ 6,500 ಚದರ ಅಡಿ ಬರುತ್ತದೆ. ಅದರಲ್ಲಿ ಲಿಫ್ಟು, ಎರಡು ಮೆಟ್ಟಿಲು, ಶೌಚಾಲಯ, ವಿದ್ಯುತ್ ಮತ್ತು ಎಸಿ ಕೊಳವೆಗಳ ಪಾಲು ತೆಗೆದರೆ ಅರವತ್ತೈದು ಎಪ್ಪತ್ತು ಜನ ಕೂತರೆ ಹೆಚ್ಚು. ಮೇಲಕ್ಕೆ ಹೋದಷ್ಟೂ ಲಿಫ್ಟುಗಳ ಸಂಖ್ಯೆ ಏರುತ್ತದೆ, ಬೆಂಕಿ ಬಿದ್ದಾಗ ಜನ ನಿಲ್ಲಲು ಬಿಡಬೇಕಾದ ಜಾಗ ಸೇರಿಕೊಳ್ಳುತ್ತದೆ, ಬಾಡಿಗೆ ಬರುವ ಜಾಗ ಕರಗುತ್ತದೆ. ಎತ್ತರ ಅನ್ನುವುದು ಜಾಗವನ್ನು ಹೆಚ್ಚಿಸುವುದಿಲ್ಲ. ಸಿಕ್ಕ ಜಾಗವನ್ನೇ ತೆಳ್ಳಗೆ ಲಟ್ಟಿಸಿ ಮೇಲಕ್ಕೆ ಜೋಡಿಸಿದಂತೆ. ಇದು ಗೊತ್ತಿಲ್ಲದೆ ‘ಮುಂಬಯಿಯಂತೆ ನಮ್ಮಲ್ಲೇಕಿಲ್ಲ’ ಎಂದು ಕೇಳುವವರು ಬಹಳ.

ಈ ಲೆಕ್ಕ ದೊಡ್ಡ ಕಂಪನಿಗಳಿಗೆ ಒಗ್ಗುವುದೇ ಇಲ್ಲ. ಅವರಿಗೆ ಬೇಕಾದ್ದು ಒಂದೇ ಮಹಡಿಯಲ್ಲಿ ನಲವತ್ತು ಐವತ್ತು ಸಾವಿರ ಚದರ ಅಡಿ, ಒಂದು ತಂಡ ಪೂರ್ತಿ ಒಂದೇ ಕಡೆ ಕೂರುವಂತೆ. ಹೊರವರ್ತುಲ ರಸ್ತೆಯ ಟೆಕ್ ಪಾರ್ಕುಗಳು ಅಗಲವಾಗಿ, ಹೊಟ್ಟೆ ಬಿಟ್ಟುಕೊಂಡಂತೆ ಕಾಣುವುದು ಇದಕ್ಕೇ. ನೋಡಲು ಚೆಂದವಿಲ್ಲ, ಆದರೆ ಕೇಳುವವರು ಕೇಳುವುದು ಅದನ್ನೇ.

ಕಾರಿನ ಲೆಕ್ಕ ಇನ್ನೂ ತಮಾಷೆ. ಆಫೀಸು ಕಟ್ಟಿದರೆ ಹೆಚ್ಚುಕಡಿಮೆ ಪ್ರತಿ 50 ಚದರ ಮೀಟರಿಗೆ ಒಂದು ಕಾರಿನ ಜಾಗ ಬಿಡಬೇಕು ಎಂಬುದು ಇಲ್ಲಿನ ನಿಯಮದ ಧಾಟಿ. ಓಡಾಡುವ ದಾರಿ, ಇಳಿಜಾರು ಎಲ್ಲ ಸೇರಿ ಒಂದು ಕಾರು ನೆಲಮಾಳಿಗೆಯಲ್ಲಿ 30 ಚದರ ಮೀಟರಿನ ಆಸುಪಾಸು ನುಂಗುತ್ತದೆ. ಅಂದರೆ ಐದು ಪಾಲು ಮನುಷ್ಯರಿಗೆ ಕಟ್ಟಿದರೆ ಮೂರು ಪಾಲು ಕಾರುಗಳಿಗೆ ಕಟ್ಟಬೇಕು. ನಮ್ಮ ಒಂದೆಕರೆ ಸೈಟಿನಲ್ಲಿ ಸುಮಾರು 240 ಕಾರು. ಎರಡು ಮೂರು ನೆಲಮಾಳಿಗೆ ತೋಡಬೇಕು. ತೋಡುವುದು ಎಲ್ಲಿ? ಬೆಂಗಳೂರಿನ ಬಂಡೆಯಲ್ಲಿ. ಲಾಲ್‌ಬಾಗಿನಲ್ಲಿ ತಲೆ ಎತ್ತಿರುವ ಬಂಡೆಯದೇ ಬಳಗ ಊರಿನ ಅಡಿಯಲ್ಲೆಲ್ಲ ಮಲಗಿದೆ. ಪಕ್ಕದಲ್ಲಿ ಮೆಟ್ರೊ ಸುರಂಗವಿದ್ದರೆ ಸಿಡಿಮದ್ದು ಹಾಕಿ ಒಡೆಯುವ ಮಾತೂ ಇಲ್ಲ. ಮೆಟ್ರೊ ನಿಲ್ದಾಣದ ಬಾಗಿಲಲ್ಲೇ ಆಫೀಸು ಕಟ್ಟುವವನಿಗೂ ಇಷ್ಟೊಂದು ಕಾರು ನಿಲ್ಲಿಸು ಎನ್ನುವುದು ಯಾವ ನ್ಯಾಯ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇದರ ಮೇಲೆ ಆಕಾಶದ ಗಡಿ ಬೇರೆ. ಪ್ರಯಾಣಿಕರ ವಿಮಾನಗಳು 2008ರಲ್ಲಿ ದೇವನಹಳ್ಳಿಗೆ ಹೋದವು, ಸರಿ. ಆದರೆ ಎಚ್‌ಎಎಲ್ ರನ್‌ವೇ ಇನ್ನೂ ಜೀವಂತ. ಊರಿನ ಇನ್ನೊಂದು ತುದಿಯಲ್ಲಿ ಜಕ್ಕೂರು, ಯಲಹಂಕದ ವಾಯುನೆಲೆ. ಹಾರುವ ದಾರಿಯಲ್ಲಿ ಬರುವ ಕಟ್ಟಡಕ್ಕೆ ಆಯಾ ನಿಲ್ದಾಣದ ಮೇಲೆ ಅಧಿಕಾರ ಇರುವವರು ಎಷ್ಟು ಎತ್ತರ ಎಂದು ಹೇಳುತ್ತಾರೋ ಅಷ್ಟೇ. ಊರ ನಡುವಿನ ಹಸಿರು ಜಾಗದಲ್ಲಿ ದೊಡ್ಡ ಪಾಲು ಸೈನ್ಯದ್ದು. ಉಳಿದದ್ದರಲ್ಲಿ ಒಂದು ಪೀಳಿಗೆಯ ಹಿಂದೆ ಕಟ್ಟಿದ ಕಟ್ಟಡಗಳು, ಅವುಗಳದ್ದೇ ಒಂದು ಗಂಟು. ಆ ಕಾಲದ ಬಿಲ್ಡರುಗಳು ಒಂದೊಂದು ಆಫೀಸನ್ನೂ ಬೇರೆ ಬೇರೆಯವರಿಗೆ ಮಾರಿ ಕೈತೊಳೆದುಕೊಂಡರು. ಒಂದೇ ಕಟ್ಟಡಕ್ಕೆ ನೂರಾರು ಮಾಲೀಕರು: ಮೂರನೇ ಮಹಡಿಯಲ್ಲಿ ಒಬ್ಬ ಚಾರ್ಟರ್ಡ್ ಅಕೌಂಟೆಂಟ್, ಐದರಲ್ಲಿ ವಕೀಲರ ಮಕ್ಕಳು, ಏಳರಲ್ಲಿ ಅಮೆರಿಕದಲ್ಲಿರುವ ಯಾರೋ. ಇಂಥ ಕಟ್ಟಡವನ್ನು ಕೆಡವಿ ಹೊಸದು ಕಟ್ಟಬೇಕೆಂದರೆ ಎಲ್ಲರ ಸಹಿ ಬೇಕು. ಒಬ್ಬ ಒಲ್ಲೆನೆಂದರೆ ಮುಗಿಯಿತು.

ಊರೊಳಗೆ ದೊಡ್ಡದಾಗಿ ಎದ್ದ ಒಂದೆರಡನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಯುಬಿ ಸಿಟಿ ಎದ್ದದ್ದು ಹಳೆಯ ಬ್ರೂವರಿಯ ಜಾಗದಲ್ಲಿ. ಮಲ್ಲೇಶ್ವರ–ರಾಜಾಜಿನಗರದ ನಡುವಿನ ವರ್ಲ್ಡ್ ಟ್ರೇಡ್ ಸೆಂಟರ್ ಎದ್ದದ್ದು ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ. ಎರಡೂ ಕಡೆ ದೊಡ್ಡ ಜಾಗ, ಒಬ್ಬನೇ ಮಾಲೀಕ. ಬೆಂಗಳೂರಿನಲ್ಲಿ ಗೋಪುರ ಹುಟ್ಟುವುದು ಬೇಡಿಕೆ ಇರುವಲ್ಲಿ ಅಲ್ಲ, ಜಾಗ ಒಬ್ಬರ ಕೈಯಲ್ಲಿ ಇರುವಲ್ಲಿ.

ಈಗ ಮೊದಲನೆಯ ಪ್ರಶ್ನೆಗೆ ಬರೋಣ. ಕೂರೋರು ಯಾರು?

ಆಫೀಸು ಬಾಡಿಗೆಯ ವ್ಯವಹಾರದಲ್ಲಿರುವವರು ಜನರನ್ನು ಎಣಿಸುವುದಿಲ್ಲ, ಸೀಟು ಎಣಿಸುತ್ತಾರೆ. ಸೂಪರ್ ಬಿಲ್ಟ್-ಅಪ್ ಲೆಕ್ಕದಲ್ಲಿ, ಅಂದರೆ ಲಿಫ್ಟು, ಮೆಟ್ಟಿಲಿನಂಥ ಹಂಚಿಕೆಯ ಜಾಗವನ್ನೂ ಸೇರಿಸಿ, ಒಂದು ಸೀಟಿಗೆ ಸುಮಾರು 100 ಚದರ ಅಡಿ ಎಂದು ಹಿಡಿಯಿರಿ. ಸಾವಿರ ಜನರ ಕಂಪನಿಗೆ ಲಕ್ಷ ಚದರ ಅಡಿ. ಇದು 2020ರ ಮಾರ್ಚಿಗೆ ಮುಂಚಿನ ಸರಳ ಗಣಿತ. ಕೋವಿಡ್ ಆದ ಮೇಲೆ ವಾರಕ್ಕೆ ಮೂರು ದಿನ ಬಂದರೆ ಸಾಕು ಎಂದಾಗ ಎಲ್ಲರೂ ಒಂದು ತಪ್ಪು ಲೆಕ್ಕ ಹಾಕಿದರು: ಐದರಲ್ಲಿ ಮೂರು, ಹಾಗಾದರೆ ಅರವತ್ತು ಸಾವಿರ ಅಡಿ ಸಾಕು. ಆದರೆ ಯಾವ ಮೂರು ದಿನ? ಸೋಮವಾರ ಊರಿನಿಂದ ವಾಪಸ್ ಬರುವ ದಿನ, ಶುಕ್ರವಾರ ಊರಿಗೆ ಹೊರಡುವ ದಿನ. ಉಳಿದದ್ದು ಮಂಗಳ, ಬುಧ, ಗುರು. ಎಲ್ಲರೂ ಅದೇ ಮೂರು ದಿನ ಬರುತ್ತಾರೆ. ಛತ್ರವನ್ನು ಗೊತ್ತುಮಾಡುವವರು ದಿನದ ಸರಾಸರಿ ನೋಡುತ್ತಾರೆಯೇ? ಮುಹೂರ್ತದ ಊಟಕ್ಕೆ ಎಷ್ಟು ಎಲೆ ಎಂದು ನೋಡುತ್ತಾರೆ. ಆಫೀಸೂ ಹಾಗೇ. ಬುಧವಾರ ಎಂಟುನೂರು ಜನ ಬಂದರೆ ಎಂಟುನೂರು ಸೀಟು ಬೇಕು, ಶುಕ್ರವಾರ ನೊಣ ಹೊಡೆಯುತ್ತಿದ್ದರೂ. ಜೊತೆಗೆ ಮನೆಯಲ್ಲಿರುವವರೊಡನೆ ಮಾತಾಡಲು ಸಣ್ಣ ಸಣ್ಣ ಮೀಟಿಂಗ್ ಕೋಣೆ, ಬಂದವರು ಮತ್ತೆ ಬರಲಿ ಎಂದು ದೊಡ್ಡ ಕ್ಯಾಂಟೀನು. ಹೀಗೆ ನಲವತ್ತು ಪರ್ಸೆಂಟ್ ಕಡಿಮೆಯಾಗಬೇಕಿದ್ದ ಬೇಡಿಕೆ ಹತ್ತೋ ಇಪ್ಪತ್ತೋ ಕಡಿಮೆಯಾಗಿ ನಿಂತಿತು.

ಆಮೇಲೆ ಹಗ್ಗ ಬಿಗಿಯಾಗುತ್ತಲೇ ಬಂತು. ಟಿಸಿಎಸ್ 2023ರ ಅಕ್ಟೋಬರಿನಿಂದ ಐದೂ ದಿನ ಬನ್ನಿ ಎಂದಿತು. ಅದೇ ವರ್ಷ ನವೆಂಬರಿನಲ್ಲಿ ವಿಪ್ರೋ ಮೂರು ದಿನ ಕಡ್ಡಾಯ ಮಾಡಿತು. ಇನ್ಫೊಸಿಸ್ 2025ರ ಮಾರ್ಚಿನಲ್ಲಿ ತಿಂಗಳಿಗೆ ಹತ್ತು ದಿನದ ನಿಯಮ ತಂದಿತು. ನಮ್ಮ ಹಿರಿಯರ ‘ಅರ್ಧ ಜನ ಮನೇಲೇ’ ಅನ್ನುವುದು ಹೀಗಾಗಿ ಈಗ ಅಷ್ಟು ನಿಜವಲ್ಲ.

ಸೀಟು ತುಂಬುತ್ತಿರುವವರು ಹಳೆಯ ಐಟಿ ಸರ್ವಿಸ್ ಕಂಪನಿಗಳು ಮಾತ್ರ ಎಂದುಕೊಂಡರೆ ಅದೂ ತಪ್ಪು. ಈ ಹೊತ್ತಿನ ದೊಡ್ಡ ಗಿರಾಕಿ ಜಿಸಿಸಿ, ಅಂದರೆ ಗ್ಲೋಬಲ್ ಕೇಪಬಿಲಿಟಿ ಸೆಂಟರ್. ಹೊರದೇಶದ ಬ್ಯಾಂಕು, ಔಷಧ ಕಂಪನಿ, ಅಂಗಡಿ ಸರಪಳಿ, ವಿಮಾನದ ಎಂಜಿನ್ ಮಾಡುವವರು ತಮ್ಮದೇ ಕೆಲಸಕ್ಕೆ ತಮ್ಮದೇ ಸಂಬಳದ ಜನರನ್ನು ಇಲ್ಲಿ ಇಟ್ಟುಕೊಳ್ಳುವ ಆಫೀಸು. 2024ರ ಹೊತ್ತಿಗೆ ದೇಶದಲ್ಲಿ ಇಂಥವು 1,700 ದಾಟಿದ್ದವು, ಸುಮಾರು 19 ಲಕ್ಷ ಜನ ಅವುಗಳಲ್ಲಿದ್ದರು. ಬೆಂಗಳೂರಿನ ಪಾಲೇ ಎಲ್ಲಕ್ಕಿಂತ ದೊಡ್ಡದು. 2029ರೊಳಗೆ ಇನ್ನೂ 500 ಜಿಸಿಸಿ, 3.5 ಲಕ್ಷ ಉದ್ಯೋಗ ಎಂದು ಕರ್ನಾಟಕ ಸರಕಾರ 2024ರಲ್ಲಿ ನೀತಿಯನ್ನೇ ಹೊರಡಿಸಿದೆ.

ಕೇಳಲು ಬೆರಗಾಗುವ ಸಂಖ್ಯೆ. ಸೀಟಿನ ಲೆಕ್ಕಕ್ಕೆ ಹಾಕಿ ನೋಡಿ. ಮೂರೂವರೆ ಲಕ್ಷ ಜನ, ತಲೆಗೆ 100 ಅಡಿ: 3.5 ಕೋಟಿ ಚದರ ಅಡಿ. ಅದರಲ್ಲಿ ಒಂದಿಷ್ಟು ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆಗೆ ಹೋಗಲಿ ಎಂಬುದು ನೀತಿಯದೇ ಆಸೆ. 2024ರಲ್ಲಿ ಬೆಂಗಳೂರು ಒಂದೇ ವರ್ಷದಲ್ಲಿ ಬಾಡಿಗೆಗೆ ಹಿಡಿದ ಆಫೀಸು ಸುಮಾರು 2 ಕೋಟಿ ಚದರ ಅಡಿ. ಅಂದರೆ ಐದು ವರ್ಷದ ಆ ದೊಡ್ಡ ಗುರಿ ಪೂರ್ತಿ ಈಡೇರಿದರೂ ಅದು ಈಗಿನ ವೇಗದ ಎರಡು ವರ್ಷಕ್ಕೂ ಸಾಲದು.

ಹಾಗಾದರೆ ಆ ಎರಡು ಕೋಟಿ ಎಲ್ಲಿಂದ ಬರುತ್ತದೆ? ಇಲ್ಲಿದೆ ಪೇಪರಿನವರು ಹೇಳದ ಸೂಕ್ಷ್ಮ. ಒಂದು ಕಂಪನಿ ರೆಸಿಡೆನ್ಸಿ ರಸ್ತೆಯ ಹಳೆಯ ಆಫೀಸು ಬಿಟ್ಟು ಹೆಬ್ಬಾಳದ ಹೊಸ ಆಫೀಸಿಗೆ ಹೋಯಿತು ಎಂದುಕೊಳ್ಳಿ. ಹೊಸ ಬಾಡಿಗೆ ಒಂದು ಲಕ್ಷ ಅಡಿ ಎಂದು ಸುದ್ದಿಯಾಗುತ್ತದೆ. ಬಿಟ್ಟುಹೋದ ಲಕ್ಷ ಅಡಿ ಸುದ್ದಿಯಾಗುವುದಿಲ್ಲ. ಮೊದಲನೆಯದನ್ನು ಗ್ರಾಸ್ ಎನ್ನುತ್ತಾರೆ; ಬಿಟ್ಟದ್ದನ್ನು ಕಳೆದು ಉಳಿದದ್ದು ನೆಟ್. ಊರಿಗೆ ನಿಜವಾಗಿ ಎಷ್ಟು ಆಫೀಸು ಬೇಕು ಎಂಬುದನ್ನು ನೆಟ್ ಹೇಳುತ್ತದೆ. ಶೀರ್ಷಿಕೆಯಲ್ಲಿ ಮೆರೆಯುವುದು ಗ್ರಾಸ್. ಮನೆ ಬದಲಾಯಿಸಿದವರನ್ನೆಲ್ಲ ಹೊಸದಾಗಿ ಮನೆ ಬೇಕಾದವರು ಎಂದು ಎಣಿಸಿದ ಹಾಗೆ.

ಖಾಲಿ ಜಾಗದ ಶೇಕಡಾವಾರಿಗೂ ಇಂಥದೇ ಸುಳಿ ಇದೆ. ಬೆಂಗಳೂರಿನಲ್ಲಿ ಖಾಲಿ ಎಷ್ಟು ಎಂದು ಒಬ್ಬೊಬ್ಬ ಕನ್ಸಲ್ಟೆಂಟ್ ಒಂದೊಂದು ಹೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅದು ನೂರಕ್ಕೆ ಹತ್ತರಿಂದ ಹದಿನೈದರ ನಡುವೆ ಓಲಾಡಿದೆ. ಅದರಲ್ಲಿ ಒಂದು ದೊಡ್ಡ ತುಂಡು ಎಸ್‌ಇಝಡ್, ಅಂದರೆ ವಿಶೇಷ ಆರ್ಥಿಕ ವಲಯದ ಕಟ್ಟಡಗಳದ್ದಾಗಿತ್ತು. ಹೊಸದಾಗಿ ಬರುವ ಘಟಕಗಳಿಗೆ ಅಲ್ಲಿನ ಆದಾಯ ತೆರಿಗೆ ವಿನಾಯಿತಿ 2020ರಲ್ಲಿ ಮುಗಿಯಿತು. ವಿನಾಯಿತಿ ಇಲ್ಲದ ಮೇಲೆ ಎಸ್‌ಇಝಡ್ ಗೇಟಿನೊಳಗಿನ ಕಸ್ಟಮ್ಸ್ ಕಟ್ಟುಪಾಡು ಯಾರಿಗೆ ಬೇಕು? ಹೊರಗಿನ ಸಾಮಾನ್ಯ ಕಂಪನಿಗೆ ಕೊಡೋಣವೆಂದರೆ ನಿಯಮ ಬಿಡದು. ರಸ್ತೆಯ ಒಂದು ಬದಿ ಜಾಗಕ್ಕೆ ಜನ ಸಾಲುಗಟ್ಟಿದ್ದರೆ ಇನ್ನೊಂದು ಬದಿಯ ಮಹಡಿಗಳು ಧೂಳು ಹಿಡಿದು ಕೂತಿದ್ದವು. 2023ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಮಹಡಿ ಲೆಕ್ಕದಲ್ಲಿ ಎಸ್‌ಇಝಡ್ ಪಟ್ಟ ಕಳಚಲು ಬಿಟ್ಟ ಮೇಲೆ ಆ ಗಂಟು ಸಡಿಲವಾಯಿತು. ಬೇಡಿಕೆ ಬದಲಾಗದೆಯೇ ಬರೀ ಒಂದು ನಿಯಮದಿಂದ ಖಾಲಿ ಜಾಗ ಬಾಡಿಗೆಗೆ ಸಿದ್ಧವಾಯಿತು.

ಇಷ್ಟಾದರೂ ಬಿಲ್ಡರನ ನಿಜವಾದ ತಲೆನೋವು ಇವತ್ತಿನ ಬೇಡಿಕೆಯಲ್ಲ. ಜಾಗ ಹೊಂದಿಸಿ, ನಕ್ಷೆ ಪಾಸು ಮಾಡಿಸಿ, ಬಂಡೆ ಒಡೆದು, ಕಟ್ಟಿ, ಓಸಿ (ಕಟ್ಟಡ ಬಳಸಬಹುದೆಂಬ ಪ್ರಮಾಣಪತ್ರ) ತೆಗೆದುಕೊಳ್ಳುವ ಹೊತ್ತಿಗೆ ನಾಲ್ಕೈದು ವರ್ಷ ಕಳೆದಿರುತ್ತದೆ. ಕೂರುವವನ ಬದ್ಧತೆ ಎಷ್ಟು? ಇಲ್ಲಿನ ಲೀಸು ಸಾಮಾನ್ಯವಾಗಿ ಒಂಬತ್ತು ವರ್ಷದ್ದು, ಮೂರು ವರ್ಷಕ್ಕೊಮ್ಮೆ ಬಾಡಿಗೆ ಹದಿನೈದು ಪರ್ಸೆಂಟ್ ಏರುತ್ತದೆ. ಆದರೆ ಬಾಡಿಗೆದಾರನಿಗೆ ಲಾಕ್-ಇನ್, ಅಂದರೆ ಬಿಟ್ಟು ಹೋಗುವಂತಿಲ್ಲದ ಅವಧಿ, ಮೂರೋ ಐದೋ ವರ್ಷ. ಆಮೇಲೆ ನೋಟಿಸ್ ಕೊಟ್ಟು ಎದ್ದು ಹೋಗಬಹುದು. ಮಾಲೀಕ ಎಬ್ಬಿಸುವಂತಿಲ್ಲ. ಮಾವಿನ ಸಸಿ ನೆಟ್ಟು ಕಾಯುವವನು ಒಬ್ಬ, ಹಣ್ಣು ಬೇಕಾದಷ್ಟು ದಿನ ಮಾತ್ರ ಬರುವವನು ಇನ್ನೊಬ್ಬ.

ಈ ಅಂತರ ಎಂಥ ದೊಡ್ಡವರನ್ನೂ ಬಿಟ್ಟಿಲ್ಲ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗನ್ನು ಯೋಚಿಸಿದ್ದು ಷೇರು ಮಾರುಕಟ್ಟೆ ಆಕಾಶದಲ್ಲಿದ್ದಾಗ. ಬಾಗಿಲು ತೆರೆದದ್ದು 1931ರ ಮೇ 1ರಂದು, ಮಹಾ ಕುಸಿತದ ನಡುವೆ. 102 ಮಹಡಿಗೆ ಬಾಡಿಗೆದಾರರು ಸಿಗದೆ ಊರವರು ಅದನ್ನು ‘ಎಂಪ್ಟಿ ಸ್ಟೇಟ್ ಬಿಲ್ಡಿಂಗ್’ ಎಂದು ಆಡಿಕೊಂಡರು. ಲಾಭದ ಮುಖ ಕಂಡದ್ದು ಹೆಚ್ಚುಕಡಿಮೆ ಇಪ್ಪತ್ತು ವರ್ಷಕ್ಕೆ.

ನಮಗೆ ಹತ್ತಿರದ ಉದಾಹರಣೆ ಸ್ಯಾನ್ ಫ್ರಾನ್ಸಿಸ್ಕೊ. ಹತ್ತಿರ ಎನ್ನುವುದು ಮೈಲಿಯಲ್ಲಿ ಅಲ್ಲ, ಕಸುಬಿನಲ್ಲಿ. ಅಲ್ಲಿ 1986ರಿಂದ ಒಂದು ವಿಚಿತ್ರ ಕಾಯ್ದೆ ಇದೆ: ಊರೊಳಗೆ ವರ್ಷಕ್ಕೆ ಒಪ್ಪಿಗೆ ಕೊಡಬಹುದಾದ ಆಫೀಸು ಜಾಗಕ್ಕೆ ಮಿತಿ, ದೊಡ್ಡ ಕಟ್ಟಡ, ಅದಕ್ಕಿಂತ ಸಣ್ಣ ಕಟ್ಟಡ ಎರಡೂ ಸೇರಿ ಸುಮಾರು ಒಂಬತ್ತೂವರೆ ಲಕ್ಷ ಚದರ ಅಡಿ. ಟೆಕ್ ಕಂಪನಿಗಳು ಉಕ್ಕುತ್ತಿದ್ದ ಕಾಲದಲ್ಲಿ ಒಪ್ಪಿಗೆಗೆ ಬಿಲ್ಡರುಗಳು ಸರದಿ ನಿಂತಿದ್ದರು. 61 ಮಹಡಿಯ ಸೇಲ್ಸ್‌ಫೋರ್ಸ್ ಟವರ್ 2018ರಲ್ಲಿ ತೆರೆಯಿತು. ಆಗ ಊರಿನಲ್ಲಿ ಖಾಲಿ ಇದ್ದದ್ದು ನೂರಕ್ಕೆ ಆರರ ಆಚೀಚೆ. ಐದಾರು ವರ್ಷ ಕಳೆದು 2024ಕ್ಕೆ ಬಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಖಾಲಿ. ಕ್ಯಾಲಿಫೋರ್ನಿಯಾ ಸ್ಟ್ರೀಟಿನ 22 ಮಹಡಿಯ ಒಂದು ಕಟ್ಟಡ ಕೋವಿಡ್‌ಗೆ ಮುಂಚೆ ಸುಮಾರು 30 ಕೋಟಿ ಡಾಲರ್ ಬೆಲೆ ಬಾಳುತ್ತಿತ್ತು. 2023ರಲ್ಲಿ ಹೆಚ್ಚುಕಡಿಮೆ ಅದರ ಐದನೇ ಒಂದು ಪಾಲಿಗೆ ಕೈಬದಲಾಯಿತು.

ಅದೇ ಕಸುಬಿನ ಬೆಂಗಳೂರು ಯಾಕೆ ಹಾಗೆ ಬೀಳಲಿಲ್ಲ? ಹಲವರು ‘ನಮ್ಮ ಎಳೆಯ ಜನಸಂಖ್ಯೆ’ ಎಂದು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಕಾಣುವ ಕಾರಣ ಇನ್ನೂ ಸರಳ: ಬಾಡಿಗೆ. ಕೋವಿಡ್‌ಗೆ ಮುಂಚೆ ಅಲ್ಲಿ ಒಂದು ಚದರ ಅಡಿಗೆ ವರ್ಷಕ್ಕೆ 80 ಡಾಲರಿಗೂ ಹೆಚ್ಚು ಕೇಳುತ್ತಿದ್ದರು. ಇಲ್ಲಿ ಒಳ್ಳೆಯ ಟೆಕ್ ಪಾರ್ಕಿನಲ್ಲಿ ತಿಂಗಳಿಗೆ ನೂರು ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 1,200 ರೂಪಾಯಿ, ಹದಿನಾಲ್ಕು ಡಾಲರಿನ ಹತ್ತಿರ. ಒಬ್ಬ ಉದ್ಯೋಗಿಯ ನೂರು ಅಡಿಗೆ ವರ್ಷಕ್ಕೆ 1.2 ಲಕ್ಷ. ಇಪ್ಪತ್ತು ಲಕ್ಷ ಸಂಬಳದ ಎಂಜಿನಿಯರಿಗೆ ಅದು ನೂರಕ್ಕೆ ಆರು. ಅದನ್ನು ಉಳಿಸಲು ಯಾವ ಕಂಪನಿಯೂ ಆಫೀಸು ಮುಚ್ಚುವುದಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಅತ್ತೆ ಮಾವ ಟಿವಿ ನೋಡುವ ಪಕ್ಕದಲ್ಲಿ, ಕರೆಂಟು ಹೋದಾಗ ಯುಪಿಎಸ್ ಕಿರುಚುವ ಹೊತ್ತಿನಲ್ಲಿ ಮೀಟಿಂಗ್ ಮಾಡಿದ ಹುಡುಗರಿಗೂ ಆಫೀಸಿನ ಎಸಿ ಅಷ್ಟೇನೂ ಬೇಸರ ತರಲಿಲ್ಲ. ಬೇಸರ ಬರಿಸಿದ್ದು ದಾರಿ.

ಕಂಪ್ಯೂಟರೇ ಕೆಲಸ ಮಾಡುವ ಮಾತು? ಇದನ್ನು ತಳ್ಳಿಹಾಕುವ ಧೈರ್ಯ ನನಗಿಲ್ಲ. ಟಿಸಿಎಸ್ 2025ರ ಜುಲೈನಲ್ಲಿ ನೂರಕ್ಕೆ ಎರಡರಷ್ಟು, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ತಲೆ ಎಣಿಸಿ ಬಿಲ್ ಮಾಡುವ ಹಳೆಯ ಸರ್ವಿಸ್ ಕಂಪನಿಗಳಲ್ಲಿ, ಅದರಲ್ಲೂ ಟೆಸ್ಟಿಂಗು, ಸಪೋರ್ಟಿನಂಥ ಕೆಲಸಗಳಲ್ಲಿ ಸೀಟು ಕಡಿಮೆಯಾಗುವುದು ನಂಬಬಹುದಾದ ಮಾತು. ಇವರು ಹೆಚ್ಚಾಗಿ ಇರುವುದು ತಮ್ಮದೇ ಕ್ಯಾಂಪಸ್ಸುಗಳಲ್ಲಿ ಅಥವಾ ಅಂಚಿನ ಅಗ್ಗದ ಕಟ್ಟಡಗಳಲ್ಲಿ. ಇತ್ತ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಖಾಲಿ ಮಹಡಿಗಳನ್ನು ಮತ್ತೆ ತುಂಬಿಸತೊಡಗಿದವರು ಎಐ ಕಂಪನಿಗಳೇ. ಊಬರ್ ಬಿಟ್ಟ ಮಿಷನ್ ಬೇ ಆಫೀಸನ್ನು ಹಿಡಿದದ್ದು ಓಪನ್‌ಎಐ. ಹಾಗಾಗಿ ನನ್ನ ಊಹೆ ಇಷ್ಟು: ಪೆಟ್ಟು ಬಿದ್ದರೆ ಮೊದಲು ಬೀಳುವುದು ಸಾವಿರಾರು ಸೀಟಿನ, ಮೆಟ್ರೊ ಮುಟ್ಟದ, ಹಳೆಯ ಟೆಕ್ ಪಾರ್ಕುಗಳ ಮೇಲೆ. ಕಡಿಮೆ ಜನ, ಹೆಚ್ಚು ಸಂಬಳದ ತಂಡಗಳು ಸಣ್ಣ ಆದರೆ ಒಳ್ಳೆಯ ಜಾಗ ಕೇಳುತ್ತವೆ.

ಸಣ್ಣ ಆದರೆ ಒಳ್ಳೆಯ ಜಾಗ, ಊರ ನಡುವಿನ ಆಫೀಸು ಅಂದರೆ ಅದೇ ತಾನೆ? ಎಂ.ಜಿ. ರಸ್ತೆಯ ಸುತ್ತ ಈಗಲೂ ಕೂತಿರುವವರು ಬ್ಯಾಂಕಿನವರು, ವಕೀಲರು, ಹೂಡಿಕೆ ನಿಧಿಯವರು, ತಿಂಗಳ ಲೆಕ್ಕದಲ್ಲಿ ಸೀಟು ಕೊಡುವ ಕೋ-ವರ್ಕಿಂಗ್‌ನವರು. ಬಾಡಿಗೆ ಎಲೆಕ್ಟ್ರಾನಿಕ್ಸ್ ಸಿಟಿಯ ಎರಡು ಮೂರು ಪಟ್ಟು. ಐಟಿಯವರು ಬರದಿರಲು ಬಾಡಿಗೆಗಿಂತ ದೊಡ್ಡ ಕಾರಣ, ಅವರ ಜನ ಸರ್ಜಾಪುರ, ವೈಟ್‌ಫೀಲ್ಡ್, ಬೆಳ್ಳಂದೂರಿನಲ್ಲಿ ಮನೆ ಮಾಡಿರುವುದು. ಆಫೀಸು ಹೊರಗೆ ಹೋಯಿತೆಂದು ಮನೆಗಳು ಹೊರಗೆ ಹೋದವು. ಈಗ ಮನೆಗಳು ಅಲ್ಲಿವೆಯೆಂದು ಆಫೀಸು ಒಳಗೆ ಬರಲೊಲ್ಲದು.

ಇದನ್ನು ಬದಲಾಯಿಸಬಲ್ಲದ್ದು ನನಗೆ ಕಂಡಂತೆ ಒಂದೇ, ಮೆಟ್ರೊ. ನೇರಳೆ ಮಾರ್ಗ 2011ರಲ್ಲಿ ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಓಡಿದಾಗ ಅದು ಮಕ್ಕಳಿಗೆ ತೋರಿಸುವ ಆಟದ ರೈಲಿನಂತಿತ್ತು. 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡಿನಿಂದ ಅತ್ತ ಚಲ್ಲಘಟ್ಟದವರೆಗೆ ತುಂಡಿಲ್ಲದೆ ಓಡತೊಡಗಿದ ಮೇಲೆ ಚಿತ್ರ ಬೇರೆಯಾಯಿತು. ವೈಟ್‌ಫೀಲ್ಡಿನಲ್ಲಿ ಹತ್ತಿದವರು ಸುಮಾರು ಮುಕ್ಕಾಲು ಗಂಟೆಯಲ್ಲಿ ಎಂ.ಜಿ. ರಸ್ತೆಯಲ್ಲಿ ಇಳಿಯಬಹುದು, ಅದೇ ಹೊತ್ತಿನಲ್ಲಿ ಕಾರಿನಲ್ಲಿ ಮಾರತ್‌ಹಳ್ಳಿ ಸೇತುವೆ ದಾಟಿದರೆ ಪುಣ್ಯ. ಕಾಳೇನ ಅಗ್ರಹಾರದಿಂದ ನಾಗವಾರದವರೆಗಿನ ಗುಲಾಬಿ ಮಾರ್ಗ ಎಂ.ಜಿ. ರಸ್ತೆಯ ಅಡಿಯಲ್ಲಿ ನೇರಳೆಯನ್ನು ಕೂಡುತ್ತದೆ. ಬನ್ನೇರುಘಟ್ಟ ರಸ್ತೆಯವರು, ಟ್ಯಾನರಿ ರಸ್ತೆಯವರು, ವೈಟ್‌ಫೀಲ್ಡಿನವರು, ಮೈಸೂರು ರಸ್ತೆಯವರು ಗಾಡಿ ಮುಟ್ಟದೆ ಬಂದು ಸೇರಬಹುದಾದ ಜಾಗ ಅದಾಗುತ್ತದೆ. ಬೇರೆ ಬೇರೆ ದಿಕ್ಕಿನಿಂದ ಜನರನ್ನು ಆರಿಸಿಕೊಳ್ಳಬೇಕಾದ ಕಂಪನಿಗೆ ಇದಕ್ಕಿಂತ ಬೆಲೆಬಾಳುವ ವಿಳಾಸ ಬೇರೆ ಯಾವುದು?

ಆದರೆ ಇದಕ್ಕೆ ಎದುರು ಎಳೆಯುವ ಹಗ್ಗವೂ ಕಟ್ಟುತ್ತಿದೆ. ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರಕ್ಕೆ ಹೊರವರ್ತುಲ ರಸ್ತೆಯ ಮೇಲೆ ನೀಲಿ ಮಾರ್ಗ ಏಳುತ್ತಿದೆ. ಅದು ಓಡಿದ ದಿನ ಆ ರಸ್ತೆಯ ಒಂದೇ ದೊಡ್ಡ ದೋಷ ಅರ್ಧ ನೀಗುತ್ತದೆ. ಅಗಲದ ಮಹಡಿ, ಹತ್ತಿರದ ಮನೆ, ಕಡಿಮೆ ಬಾಡಿಗೆ ಆಗಲೇ ಅದರ ಬಳಿ ಇವೆ. ಊರ ನಡುವೆ ಇಂದು ನಕ್ಷೆ ಹಾಕುವ ಬಿಲ್ಡರನ ಕಟ್ಟಡ ಮುಗಿಯುವ ಹೊತ್ತಿಗೆ ಅವನ ಎದುರಾಳಿ ಇವತ್ತಿನ ಟ್ರಾಫಿಕ್ ಜಾಮಿನ ಹೊರವರ್ತುಲ ರಸ್ತೆ ಆಗಿರುವುದಿಲ್ಲ, ಮೆಟ್ರೊ ಇರುವ ಹೊರವರ್ತುಲ ರಸ್ತೆ ಆಗಿರುತ್ತದೆ.

ಹಾಗಾಗಿ ಹಿರಿಯರಿಗೆ ನಾನು ಕೊಟ್ಟ ಲೆಕ್ಕ ಇದು. ಊರ ನಡುವೆ ಎರಡು ಮೆಟ್ರೊ ಸಾಲು ಕೂಡುವ ಕಡೆಯಿಂದ ನಡೆದು ಹೋಗುವ ದೂರದಲ್ಲಿ, ಹತ್ತು ಹದಿನೈದು ಮಹಡಿಯ ನಾಲ್ಕಾರು ಒಳ್ಳೆಯ ಕಟ್ಟಡ ಎದ್ದರೆ ತುಂಬುತ್ತವೆ, ಬಾಡಿಗೆಯೂ ಸಿಗುತ್ತದೆ. ನಲವತ್ತು ಮಹಡಿಯ ಸಾಲು ಗೋಪುರಗಳನ್ನು ತುಂಬಲು ಬೇಕಾದ ಜನ ಬರಬೇಕಾದರೆ ಹೊರವರ್ತುಲ ರಸ್ತೆ ಸೋಲಬೇಕು. ಅದು ಸೋಲುವ ಲಕ್ಷಣವಿಲ್ಲ.

ಅವರು ಕನ್ನಡಕ ಸರಿಮಾಡಿಕೊಂಡು ಕೇಳಿದರು, “ಸರಿ, ಮೆಟ್ರೊ ಪಕ್ಕ, ಅಗಲ ರಸ್ತೆ, ದೊಡ್ಡ ಜಾಗ, ಒಬ್ಬನೇ ಮಾಲೀಕ. ಹಾಗೆ ಎಲ್ಲಾ ಕೂಡಿಬಂದ ಜಾಗ ಎಂ.ಜಿ. ರಸ್ತೇಲಿ ಯಾವುದಯ್ಯ ಇದೆ?”

“ಯುಟಿಲಿಟಿ ಬಿಲ್ಡಿಂಗ್ ಇರೋ ಜಾಗ, ಸರ್. ಪಾಲಿಕೇದು.”

“ಪಾಲಿಕೇದಾ?” ಎಂದು ಪೇಪರ್ ಮತ್ತೆ ಬಿಡಿಸಿದರು.